ಒಂಬತ್ತನೆಯ ಮೆಟ್ಟಿಲು

ಸಿದ್ದಾಪುರದ ಬಳಿಯ ಮನ್ಮನೆ ಊರಿನ ಕೆರಿಯನ ಹೆಂಡತಿ ಮಂಜಿಯನ್ನು ಊರಲ್ಲಿ ಕರೆಯುವುದು ಸೊಟ್ಟಕೋಲಿನ ಮಂಜಿ ಎಂದೇ. ಎದುರಿಗಲ್ಲ, ಹಿಂದಿನಿಂದ. ಆದರೆ ಹಿಂದಿನಿಂದ ಕರೆದದ್ದು ಕಿವಿಗೆ ಬೀಳದಷ್ಟು ದೊಡ್ಡ ಊರೇನಲ್ಲ ಅದು.

ಈ ಹೆಸರು ಬಂದದ್ದು ಅವಳು ಸೊಸೆಯಾಗಿ ಬಂದ ದಿನ. ಆ ಮನೆಯಲ್ಲಿ ಒಂದು ಪದ್ಧತಿ ಇದೆ. ಮದುವೆಯ ಹಿಂದಿನ ದಿನ ನಡುಮನೆಯ ಗೋಡೆಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ನಡುವೆ ದಂಡಿಗೆ, ಅಂದರೆ ಪಲ್ಲಕ್ಕಿ. ಅದರೊಳಗೆ ಮದುಮಗ, ಮದುಮಗಳು. ದಂಡಿಗೆಯ ಎಡಕ್ಕೆ ಒಂಬತ್ತು ಮೆಟ್ಟಿಲಿನ ಏಣಿ. ಎಲ್ಲ ಬರೆದು ದಂಡಿಗೆಯ ಕೋಲೊಂದನ್ನು ಮಾತ್ರ ಬಿಟ್ಟಿರುತ್ತಾರೆ. ಮನೆ ತುಂಬಿ ಬಂದ ಸೊಸೆ ನಾರಿನ ಕುಂಚ ಹಿಡಿದು ಆ ಕೋಲನ್ನು ಎಳೆಯಬೇಕು. ಆಮೇಲೆಯೇ ಅವಳು ಗಂಡನ ಜೊತೆ ಹಸೆಯ ಮೇಲೆ ಕೂರುವುದು. ಕೋಲಿಲ್ಲದ ದಂಡಿಗೆಯನ್ನು ಹೊರುವುದಾದರೂ ಹೇಗೆ?

ಮೂವತ್ತು ವರ್ಷದ ಹಿಂದೆ ಮಂಜಿ ಕುಂಚ ಹಿಡಿದಾಗ ಕೈ ನಡುಗಿತು. ಕೋಲು ನಾಯಿಬಾಲದ ಹಾಗೆ ತುದಿಯಲ್ಲಿ ಮೇಲೆದ್ದಿತು. ಕೆರಿಯನ ಅಕ್ಕ ಬಂಗಾರಮ್ಮ ಕಿಸಕ್ಕನೆ ನಕ್ಕು ಹೆಸರಿಟ್ಟಳು, ಊರು ಹಿಡಿದುಕೊಂಡಿತು. ಆ ಹಟಕ್ಕೇ ಮಂಜಿ ಚಿತ್ತಾರ ಕಲಿತಳು. ಈಗ ಸಿದ್ದಾಪುರದ ಸುತ್ತ ಯಾರ ಮನೆಯಲ್ಲಿ ಮದುವೆಯಾದರೂ ಗೋಡೆ ಬರೆಯಲು ಅವಳಿಗೇ ಕರೆ. ಕೂದಲೆಳೆಯಷ್ಟೂ ಓರೆಯಾಗದ ಗೆರೆ ಅವಳದು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಅಡ್ಡಹೆಸರಂತೂ ಸುಟ್ಟರೂ ಹೋಗದು, ಮೇಲೆ ಸುಣ್ಣ ಬಳಿದರೂ ಹೋಗದು.

ಹೀಗಿರುವಾಗ ಅವಳ ಒಬ್ಬನೇ ಮಗ ದರ್ಶನ ಕಾವ್ಯಶ್ರೀಯನ್ನು ಮದುವೆಯಾಗುತ್ತೇನೆ ಎಂದ. ಅವನು ಶಿರಸಿ–ಯಲ್ಲಾಪುರ ಬಸ್ಸಿನ ಕಂಡಕ್ಟರ್. ಮಂಚಿಕೇರಿಯ ಕಾವ್ಯಶ್ರೀ ಯಲ್ಲಾಪುರದ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಳು, ದಿನಾ ಅದೇ ಬಸ್ಸು. ಏಳನೆಯ ವರ್ಷದಲ್ಲಿ ಜ್ವರ ಬಂದು ಅವಳ ಎರಡೂ ಕಣ್ಣು ಹೋಗಿದ್ದವು. ಆದರೆ ಯಾವ ತಿರುವು ಕಳೆದರೆ ಯಾವ ಸ್ಟಾಪು ಎಂಬುದು ದರ್ಶನನಿಗಿಂತ ಮೊದಲು ಅವಳಿಗೇ ತಿಳಿಯುತ್ತಿತ್ತು. ಒಂದು ದಿನ ಹಿಂದಿನ ಸೀಟಿನವರ ಜೊತೆ ಹರಟುತ್ತ ಅವನು ಸೀಟಿ ಊದುವುದನ್ನು ಮರೆತಾಗ, ಇಳಿಯಬೇಕಿದ್ದ ಮುದುಕಿಯ ಪರವಾಗಿ ಅವಳು ಗದರಿದಳಂತೆ. ಬೈಸಿಕೊಂಡವನು ಅಲ್ಲೇ ಅವಳಿಗೆ ಮನಸೋತ.

ಹುಡುಗಿಯನ್ನು ನೋಡಿ ಬಂದ ದಿನ ಮಂಜಿಗೆ ಮನಸ್ಸು ತುಂಬಿತ್ತು. ಮನೆಗೆ ಬಂದು ನಡುಮನೆಯ ಗೋಡೆ ಕಂಡಾಗ ದಂಡಿಗೆಯ ಕೋಲು ನೆನಪಾಯಿತು. ಈ ಹುಡುಗಿ ಕೋಲು ಎಳೆಯುವುದು ಹೇಗೆ?

ಬಂಗಾರಮ್ಮನ ಬಳಿ ಉತ್ತರ ಸಿದ್ಧವಿತ್ತು. "ಪಾಪ, ಕಣ್ಣಿಲ್ದ ಹುಡುಗಿ. ಅವಳ ಕೈ ಹಿಡ್ಕಂಡು ನಾನೇ ಎಳೆಸ್ತೆ ಬಿಡೆ. ಯಾರು ಎಂತ ಹೇಳ್ತಾರೆ?"

"ಈ ಸಲ ಪದ್ಧತಿನೇ ಬಿಟ್ಟುಬಿಡನ ಅಮ್ಮ" ಎಂದ ದರ್ಶನ.

ಮಂಜಿಗೆ ಎರಡೂ ಸರಿಬರಲಿಲ್ಲ. ಮೊದಲ ದಿನ ಕೈ ಹಿಡಿಸಿಕೊಂಡು ಗೆರೆ ಎಳೆದವಳಿಗೆ ಮಾರನೆಯ ದಿನ ಒಲೆ ಹಚ್ಚಲೂ ಬಿಡುವುದಿಲ್ಲ. ಪಾಪ ಎನ್ನುವ ಮಾತು ಒಮ್ಮೆ ಹೊಸ್ತಿಲು ದಾಟಿತೆಂದರೆ ಅದನ್ನು ಹೊರಗೆ ಹಾಕುವುದು ಕಷ್ಟ. ಒಂದು ಸೊಟ್ಟಗೆರೆಗೆ ಮೂವತ್ತು ವರ್ಷ ಹೆಸರು ಹೊತ್ತವಳು ಅವಳು. ಕೈ ಹಿಡಿಸಿಕೊಂಡ ಗೆರೆಗೆ ಊರು ಏನು ಹೆಸರಿಡುತ್ತದೆ ಎಂಬುದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೊನೆಗೆ ಹುಡುಗಿಯನ್ನೇ ಕೇಳೋಣ ಎಂದು ಫೋನು ಮಾಡಿದಳು.

ಕಾವ್ಯಶ್ರೀ ಎಲ್ಲ ಕೇಳಿಸಿಕೊಂಡಳು. "ಬಿಡೋದು ಬ್ಯಾಡ ಅತ್ತೆ. ಬಂದ ಸೊಸೆರೆಲ್ಲ ಎಳೆದಾರೆ ಅಂದ್ರೆ ನಾನೂ ಎಳಿತೆ. ಆದ್ರೆ ಅದು ಎಲ್ಲಿ, ಎಷ್ಟುದ್ದ, ಸುತ್ತ ಎಂತೆಂತ ಇದ್ದು ಅಂತ ನಂಗೆ ಗೊತ್ತಾಗಬೇಕು. ಚಿತ್ತಾರ ಚಿತ್ತಾರ ಅಂತ ಎಲ್ಲರೂ ಹೇಳ್ತಾರೆ. ನಂಗೆ ಈವರೆಗೆ ಯಾರೂ ಮುಟ್ಟಕ್ಕೆ ಬಿಟ್ಟಿಲ್ಲ."

ಮಂಜಿಗೆ ನಾಚಿಕೆಯಾಯಿತು. ಅವಳೇ ಎಷ್ಟು ಮನೆಗಳಲ್ಲಿ ಮಕ್ಕಳಿಗೆ ಗದರಿಲ್ಲ, ದೂರ ನಿಂತು ನೋಡ್ರೋ, ಮುಟ್ಟಿದ್ರೆ ಕೈ ಮುರಿತೆ, ಅಂತ.

ಮದುವೆಗೆ ಮುಂಚೆ ಹುಡುಗಿ ಗಂಡಿನ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಅವಳು ಗೋಡೆಯ ಬಳಿ ಬರಲಾರಳು ಎಂದಮೇಲೆ ಗೋಡೆಯೇ ಅವಳ ಬಳಿ ಹೋಗಬೇಕು. ಮಂಜಿ ಒಂದು ಹಳೆಯ ಮೊರಕ್ಕೆ ಕೆಮ್ಮಣ್ಣು ಬಳಿದು, ಬೆರಳಿಗೆ ಸಿಗಲಿ ಎಂದು ಹಿಟ್ಟನ್ನು ದಪ್ಪಗೆ ಕಲಸಿ ಗೆರೆ ಎಳೆದು ಬಿಸಿಲಿಗಿಟ್ಟಳು. ಒಣಗಿದ ಗೆರೆ ಬಿರುಕು ಬಿಟ್ಟಿತು. ಉಳಿದದ್ದನ್ನು ಕೋಳಿ ಕುಕ್ಕಿ ತಿಂದಿತು. ಆ ಚಿತ್ತಾರವನ್ನು ಪೂರ್ತಿ ಅರ್ಥ ಮಾಡಿಕೊಂಡದ್ದು ಆ ಕೋಳಿಯೊಂದೇ.

ದಾರಿ ಹೊಳೆದದ್ದು ಶಿರಸಿಯಲ್ಲಿ, ಮೈಮೂನಾಳ ಬಳೆ ಅಂಗಡಿಯಲ್ಲಿ. ಮೈಮೂನಾ ಬಳೆಯನ್ನೂ ತೊಡಿಸುತ್ತಾಳೆ, ಮೆಹಂದಿಯನ್ನೂ ಹಾಕುತ್ತಾಳೆ. ಅವಳ ಗಂಡ ಸುಭಾನ್ ಸಿದ್ದಾಪುರದಿಂದ ಯಲ್ಲಾಪುರದವರೆಗೆ ಬಾಳೆಗೊನೆ ಸಾಗಿಸುವ ಟೆಂಪೋದವನು. ಮಂಜಿ ಮದುವೆಯ ಬಳೆ ಆರಿಸುತ್ತ ತನ್ನ ತಲೆನೋವನ್ನೆಲ್ಲ ಹೇಳಿಕೊಂಡಳು. ಮೈಮೂನಾ ಒಬ್ಬ ಹುಡುಗಿಯ ಅಂಗೈಗೆ ಮೆಹಂದಿ ಹಾಕುತ್ತಲೇ ಕೇಳಿಸಿಕೊಂಡಳು.

"ಮಂಜಕ್ಕ, ಕುಂಚ ಬಿಡಿ. ಇಲ್ಲಿ ಮುಟ್ಟಿ ನೋಡಿ" ಎಂದು ಆ ಹುಡುಗಿಯ ಇನ್ನೊಂದು ಕೈ ತೋರಿಸಿದಳು. ಒಣಗಿದ ಮೆಹಂದಿ ಅಂಗೈ ಮೇಲೆ ದಾರದ ಹಾಗೆ ಎದ್ದು ನಿಂತಿತ್ತು. "ಕೋನ್‌ಗೆ ನಿಮ್ಮ ಹಿಟ್ಟು ತುಂಬಿಸ್ಕೊಳ್ಳಿ. ಒತ್ತಿದಷ್ಟು ಬರ್ತದೆ, ಬಿಟ್ಟಲ್ಲಿ ನಿಲ್ತದೆ."

ಖಾಲಿ ಕೋನ್ ಹತ್ತು ಹನ್ನೆರಡು ಕಟ್ಟಿಕೊಟ್ಟಳು. ಮನೆಗೆ ಬಂದ ಮಂಜಿ ಹಿಟ್ಟಿಗೆ ನೆನೆಸಿದ ಮೆಂತ್ಯದ ಲೋಳೆ ಸೇರಿಸಿ ಕಲಸಿದಳು. ಗೆರೆ ಬಿರಿಯಲಿಲ್ಲ, ಕಹಿಗೆ ಕೋಳಿಯೂ ಹತ್ತಿರ ಸುಳಿಯಲಿಲ್ಲ.

ಮೊರ ಬೇಡ, ಬುಟ್ಟಿಯೇ ಇರಲಿ ಎಂದುಕೊಂಡಳು. ಬೀಗರ ಮನೆಗೆ ಹೇಗೂ ಹಣ್ಣು ಕಳಿಸಬೇಕು. ಭೂಮಿ ಹುಣ್ಣಿಮೆಯಲ್ಲಿ ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೆ ಬರೆಯುವ ಹಾಗೆ, ದೊಡ್ಡ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಗೋಡೆಗೆ ಬರೆಯಲಿದ್ದ ಚಿತ್ತಾರವನ್ನು ಹಾಗೆಯೇ ಅದರ ಮೇಲೆ ಇಳಿಸಿದಳು. ಬಣ್ಣ ಬೇರೆ ಬೇರೆ ಎಂಬುದು ಹುಡುಗಿಗೆ ತಿಳಿಯಬೇಕಲ್ಲ? ಬಿಳಿ ಗೆರೆ ನುಣ್ಣಗಿನ ದಾರ. ಕಪ್ಪಿಗೆ ಸುಟ್ಟ ಅಕ್ಕಿಯನ್ನು ತರಿತರಿಯಾಗಿ ಅರೆದು ಹಾಕಿದಳು, ಬೆರಳಿಗೆ ಮರಳಿನ ಹಾಗೆ ಸಿಗುತ್ತದೆ. ಹಳದಿಗೆ ಅರಿಶಿನ, ಮೂಗೇ ಹೇಳುತ್ತದೆ. ಏಣಿಯ ಒಂಬತ್ತನೆಯ ಮೆಟ್ಟಿಲಿನಿಂದ ಬಲಕ್ಕೆ ಒಂದು ಗೇಣು ದೂರದಲ್ಲಿ ಎರಡು ಗುಂಡು ಚುಕ್ಕೆ ಇಟ್ಟು ನಡುವೆ ಖಾಲಿ ಬಿಟ್ಟಳು. ಕೋಲು ಬರುವ ಜಾಗ ಅದು.

ಬರೆಯುವಾಗ ಮಂಜಿ ಹಾಡುತ್ತಾಳೆ. ಹಾಡು ಬರಿಯ ಹೊತ್ತು ಕಳೆಯಲಿಕ್ಕಲ್ಲ, ಅದೇ ಅವಳ ಲೆಕ್ಕ. ಒಂದು ಸಾಲಿಗೆ ಒಂದು ಗೆರೆ. ಏಣಿಯ ಹಾಡಿಗೆ ಒಂಬತ್ತು ಸಾಲು, ಒಂದೊಂದು ಮೆಟ್ಟಿಲಿಗೆ ಒಬ್ಬೊಬ್ಬ ನೆಂಟನ ಹೆಸರು. ಹಾಡು ಮುಗಿದರೆ ಏಣಿಯೂ ಮುಗಿಯಿತು. ಅವಳ ಕೈಗೆ ಎಣಿಕೆ ಗೊತ್ತಿಲ್ಲ, ಬಾಯಿಗೆ ಗೊತ್ತು. ದರ್ಶನ ಆ ಹಾಡನ್ನು ಫೋನಿನಲ್ಲಿ ಹಿಡಿದು ಕಾವ್ಯಶ್ರೀಗೆ ಕಳಿಸಿದ. ಕೇಳಿದಷ್ಟು ಸಲ ಕೇಳಲಿ, ಬುಟ್ಟಿ ಬಂದ ಮೇಲೆ ಬೆರಳಿಟ್ಟುಕೊಂಡು ಕೇಳಲಿ ಎಂದು ಮಂಜಿಯ ಯೋಚನೆ.

ಮದುವೆ ಶುಕ್ರವಾರ. ಬುಧವಾರ ಬೆಳಿಗ್ಗೆ ಬುಟ್ಟಿಯ ತುಂಬ ಹಣ್ಣು ತುಂಬಿ ಸುಭಾನನ ಟೆಂಪೋದಲ್ಲಿ ಕಳಿಸಿದಳು. ಮುದ್ದೆ ಮಾಡಿದ ಬಟ್ಟೆಯ ಮೇಲೆ ಇಡು, ಮೇಲೆ ಗೊನೆ ಹೇರಬೇಡ, ಗುಂಡಿಯಲ್ಲಿ ಗಾಡಿ ಹಾರಿಸಬೇಡ ಎಂದು ಹತ್ತು ಸಲ ಹೇಳಿದಳು. "ಮಂಜಕ್ಕ, ನನ್ನ ಮಗಳನ್ನೂ ಇಷ್ಟು ಜೋಪಾನ ಕರ್ಕೊಂಡು ಹೋಗಿಲ್ಲ" ಎಂದ ಸುಭಾನ್.

ಸಂಜೆ ಆತ ಮರಳಿ ಬಂದಾಗ ಅದೇ ಬುಟ್ಟಿ ಅವನ ಕೈಯಲ್ಲಿತ್ತು. ಒಳಗೆ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ, ಒಂದು ರವಿಕೆ ಕಣ. ಹೊರಗೆ ಏನೂ ಇಲ್ಲ. ತಿಕ್ಕಿ ತೊಳೆದು ಹೊಸದಾಗಿ ಸಗಣಿ ಸಾರಿಸಿದ ಬೋಳು ಬುಟ್ಟಿ.

"ನಿಮ್ಮ ಬೀಗತಿ ಬಹಳ ಮರ್ಯಾದಿ ಜನ" ಎಂದ ಸುಭಾನ್. "ಬುಟ್ಟಿಗೆ ದಾರಿಲಿ ಏನೋ ಮೆತ್ತಿಕೊಂಡದೆ ಅಂತ ಹೇಳಿದ್ರು. ಬೀಗರ ಬುಟ್ಟಿ ಹಂಗೇ ಕಳಿಸಬಾರದು, ಖಾಲಿನೂ ಕಳಿಸಬಾರದು ಅಂತ ತೊಳೆಸಿ, ತುಂಬಿಸಿ ಕೊಟ್ರು. ನಾನು ಯಲ್ಲಾಪುರದಲ್ಲಿ ಗೊನೆ ಇಳಿಸಿ ಬರೋ ಅಷ್ಟರಲ್ಲಿ ತಯಾರು."

ಮಂಜಿ ಬುಟ್ಟಿಯನ್ನು ಇಸಿದುಕೊಂಡು ಸುತ್ತಲೂ ಬೆರಳಾಡಿಸಿ ನೋಡಿದಳು. ನಾಲ್ಕು ದಿನದ ಕೆಲಸ. ಅದಕ್ಕಿಂತ ಹೆಚ್ಚಾಗಿ, ಹುಡುಗಿಗೆ ಇದ್ದ ಒಂದೇ ದಾರಿ. ಬೀಗತಿಯ ಮೇಲೆ ಸಿಟ್ಟು ಮಾಡುವ ಹಾಗೂ ಇರಲಿಲ್ಲ. ತೊಳೆಯದೆ ಕಳಿಸಿದ್ದರೆ ಇದೇ ಮಂಜಿಯೇ ಮೂಗು ಮುರಿಯುತ್ತಿದ್ದಳು.

ತಡೆಯಲಾರದೆ ಫೋನು ಮಾಡಿದಳು. ಎತ್ತಿದವಳು ಬೀಗತಿಯೇ. "ಕೂಸು ಅರಿಶಿನಕ್ಕೆ ಕೂತೈತ್ರಿ, ಇನ್ನು ಫೋನು ಮುಟ್ಟಂಗಿಲ್ಲ. ಬುಟ್ಟಿ ಮುಟ್ಟಿತನ್ರಿ? ಚೊಕ್ಕ ಐತಲ್ರಿ?" ಆಕೆಯ ತವರು ಮುಂಡಗೋಡದ ಕಡೆ, ಮಾತೂ ಆ ಕಡೆಯದೇ. ಬುಟ್ಟಿಗೆ ಚಿತ್ತಾರ ಬರೆಯುವ ರೂಢಿ ಅಲ್ಲಿಲ್ಲ, ದಪ್ಪ ಗೆರೆ ಮೆತ್ತಿದ ಹಿಟ್ಟಿನ ಹಾಗೆ ಕಂಡಿರಬೇಕು. ದನಿಯಲ್ಲಿ ಅಷ್ಟು ಸಂತೋಷವಿತ್ತು. "ಬಾಳ ಚೊಕ್ಕ ಇದ್ದು" ಎಂದಳು ಮಂಜಿ. ಮತ್ತೇನು ಹೇಳುವುದು? ಮದುಮಗನ ಮನಸ್ಸು ಕೆಡಿಸುವುದು ಬೇಡ ಎಂದು ದರ್ಶನನಿಗೂ ಹೇಳಲಿಲ್ಲ.

ಗುರುವಾರ ಗೋಡೆ ಬರೆದಳು. ಕೆಮ್ಮಣ್ಣು ಬಳಿದು, ಕೋನ್ ಹಿಡಿದು, ದಪ್ಪ ಗೆರೆಯಲ್ಲೇ ಬರೆದಳು. ಮುಟ್ಟಿದಾಗ ಏನಾದರೂ ತಿಳಿದೀತು ಎಂಬ ಚೂರು ಆಸೆ. ಆದರೆ ಆ ದಿನ ಹಾಡು ಬರಲಿಲ್ಲ. ಬಾಯಿ ತೆರೆದರೆ ಅಳು ಬರುವ ಹಾಗಿತ್ತು, ತುಟಿ ಬಿಗಿಹಿಡಿದು ಎಳೆದಳು. ನೋಡಲು ಬಂದ ಹೆಂಗಸರು ಗಲ್ಲದ ಮೇಲೆ ಕೈಯಿಟ್ಟುಕೊಂಡರು. ಇಂಥ ಚಿತ್ತಾರ ಈ ಊರಲ್ಲಿ ಬಂದಿಲ್ಲ ಎಂದರು. ಬಂಗಾರಮ್ಮ ಮಾತ್ರ, "ನಾಳೆ ನಾನು ಪಕ್ಕದಲ್ಲೇ ನಿಂತ್ಕತ್ತೆ. ನೀ ಹೆದರಬ್ಯಾಡ" ಎಂದು ಧೈರ್ಯ ಹೇಳಿದಳು. ಹುಲಿಗೆ ಹೆದರಿದವನಿಗೆ ಅದೇ ಹುಲಿ ಕಾವಲಿಗೆ ನಿಂತ ಹಾಗಾಯಿತು ಮಂಜಿಗೆ.

ಶುಕ್ರವಾರ ಮಂಚಿಕೇರಿಯಲ್ಲಿ ಧಾರೆ ಮುಗಿಸಿ ದಿಬ್ಬಣ ಮನ್ಮನೆಗೆ ಬಂದಾಗ ನಾಲ್ಕು ಗಂಟೆ. ಬಿಸಿಲು ಇನ್ನೂ ಇಳಿದಿರಲಿಲ್ಲ. ಮೈಮೂನಾಳೂ ಸುಭಾನನ ಜೊತೆ ಬಂದು ಅಂಗಳದ ಚಪ್ಪರದಲ್ಲಿದ್ದಳು. ಕಾವ್ಯಶ್ರೀ ಹೊಸ್ತಿಲಿನ ಅಕ್ಕಿ ಪಾವನ್ನು ಕಾಲಿನಿಂದ ಮೆಲ್ಲಗೆ ಒದ್ದು ಒಳಗೆ ಬಂದಳು. ನಡುಮನೆಯಲ್ಲಿ ಊರೆಲ್ಲ ನೆರೆದಿತ್ತು. ದರ್ಶನ ಅವಳ ಕೈಯನ್ನು ಗೋಡೆಯ ಬುಡಕ್ಕೆ ತಾಗಿಸಿ ಹಿಂದೆ ಸರಿದ. ಮಂಜಿ ಕುಂಚವನ್ನು ಅದ್ದಿ ಅವಳ ಬಲಗೈಗೆ ಕೊಟ್ಟಳು.

ಕಾವ್ಯಶ್ರೀ ಎಡಗೈಯ ಬೆರಳುಗಳನ್ನು ಗೋಡೆಯ ಮೇಲೆ ಹರಿಸಿದಳು. ಅಂಚು ಸಿಕ್ಕಿತು. ತರಿತರಿ ಕಪ್ಪು ಸಿಕ್ಕಿತು, ಅಲ್ಲಿ ಒಂದು ಗಳಿಗೆ ನಿಂತು ಮುಂದೆ ಹೋದಳು. ಏಣಿಯ ಬುಡ ಸಿಕ್ಕಿತು. ಅವಳ ತುಟಿ ಸಣ್ಣಗೆ ಅಲುಗತೊಡಗಿತು. ಹತ್ತಿರದಲ್ಲಿದ್ದ ಮಂಜಿಗೆ ಕೇಳಿಸಿತು: ಹುಡುಗಿ ಗುನುಗುತ್ತಿದ್ದದ್ದು ಏಣಿಯ ಹಾಡು. ಒಂದು ಸಾಲಿಗೆ ಒಂದು ಮೆಟ್ಟಿಲು, ಬೆರಳು ಮೇಲೇರುತ್ತಿತ್ತು.

ಮೇಲೆ ಹೋದ ಬೆರಳು ತಟ್ಟನೆ ನಿಂತಿತು. ಹಾಡೂ ನಿಂತಿತು. ಅವಳು ಗೋಡೆಯ ಮೇಲೆ ಅತ್ತಿತ್ತ ತಡಕಾಡಿದಳು. ಹುಬ್ಬು ಗಂಟಿಕ್ಕಿತು.

ಮುಗಿಯಿತು ಎಂದುಕೊಂಡಳು ಮಂಜಿ. ಹಿಂದಿನಿಂದ ಯಾರೋ ಚ್ಚು ಚ್ಚು ಎಂದರು. ಬಂಗಾರಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ಪಾಪ, ತಡಿ ಕೂಸೆ, ನಾ ಹಿಡಿತೆ."

"ಒಂದು ಗಳಿಗೆ" ಎಂದಳು ಕಾವ್ಯಶ್ರೀ. ದನಿ ಮೆತ್ತಗಿತ್ತು, ಆದರೆ ಬಂಗಾರಮ್ಮನ ಕೈ ಇದ್ದಲ್ಲೇ ನಿಂತಿತು. ಹುಡುಗಿ ಮತ್ತೆ ಏಣಿಯ ಬುಡಕ್ಕೆ ಇಳಿದಳು. ಈ ಸಲ ಹಾಡನ್ನು ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿಕೊಂಡೇ ಹತ್ತಿದಳು. ಎಂಟನೆಯ ನೆಂಟನ ಹೆಸರಿಗೆ ಏಣಿ ಮುಗಿಯಿತು. ಒಂಬತ್ತನೆಯವನಿಗೆ ಕಾಲಿಡಲು ಜಾಗವಿಲ್ಲ.

"ಅತ್ತೆ, ಇಲ್ಲೊಂದು ಮೆಟ್ಟಿಲು ಬಿಟ್ಟುಹೋಯ್ದು."

ಮಂಜಿ ಮುಂದೆ ಬಂದು ಬೆರಳಿಟ್ಟು ಎಣಿಸಿದಳು. ಒಂದು, ಎರಡು. ಎಂಟು. ಇನ್ನೊಮ್ಮೆ ಎಣಿಸಿದಳು. ಎಂಟೇ. ನಿನ್ನೆಯಿಂದ ಐವತ್ತು ಜನ ನೋಡಿ ಹೊಗಳಿ ಹೋಗಿದ್ದರು. ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ, ಬರೆದವಳ ಕಣ್ಣಿಗೂ ಬಿದ್ದಿರಲಿಲ್ಲ.

"ಹೌದು ಮಗಾ" ಎಂದಳು ಮಂಜಿ. "ನಂದೇ ತಪ್ಪು. ನಿನ್ನೆ ಹಾಡದೇ ಬರೆದೆ."

"ಹಂಗಾದ್ರೆ ಅದನ್ನೂ ನಾನೇ ಎಳಿಲಾ?"

"ಎಳಿ."

ಕಾವ್ಯಶ್ರೀ ಎಂಟನೆಯ ಮೆಟ್ಟಿಲಿನ ಮೇಲೆ ಎರಡು ಬೆರಳು ಅಳತೆ ಇಟ್ಟು ಒಂಬತ್ತನೆಯದನ್ನು ಎಳೆದಳು. ಅಲ್ಲಿಂದ ಬಲಕ್ಕೆ ಗೇಣು ಹಾಕಿದಳು, ಚುಕ್ಕೆ ಸಿಕ್ಕಿತು. ಆಚೆಯ ಚುಕ್ಕೆಯ ಮೇಲೆ ಎಡಗೈ ಬೆರಳು ಊರಿ, ಈಚೆಯದರಿಂದ ಕುಂಚವನ್ನು ಆ ಬೆರಳಿನ ಕಡೆಗೆ ಎಳೆದುಕೊಂಡು ಹೋದಳು. ತುಂಬಾ ನಿಧಾನ. ಕುಂಚ ಬೆರಳಿಗೆ ತಾಗಿದಾಗ ನಿಲ್ಲಿಸಿದಳು. ಕೋಲು ನಡುವೆ ಒಂದೆಡೆ ಚೂರು ದಪ್ಪವಾಗಿತ್ತು. ಸೊಟ್ಟವಾಗಿರಲಿಲ್ಲ.

ಮಂಜಿಗೆ ಎದೆಯ ಮೇಲಿದ್ದ ಒರಳುಕಲ್ಲು ಇಳಿದ ಹಾಗಾಯಿತು. ಎಷ್ಟು ಹಗುರವಾಯಿತೆಂದರೆ ನಗು ಬಂತು, ನಗುವಿನ ಜೊತೆ ನಿನ್ನೆ ತಡೆದಿಟ್ಟಿದ್ದ ಅಳುವೂ ಬಂತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡಳು. ದರ್ಶನ ಗೋಡೆ ನೋಡುವುದನ್ನು ಬಿಟ್ಟು ಹೆಂಡತಿಯನ್ನೇ ನೋಡುತ್ತ ನಿಂತಿದ್ದ. ಬಸ್ಸಿನಲ್ಲಿ ಬೈಸಿಕೊಂಡ ದಿನವೂ ಇದೇ ಮುಖ ಇದ್ದಿರಬೇಕು.

ಆರತಿಯಾಗಿ ಇಬ್ಬರೂ ಹಸೆಯ ಮೇಲೆ ಕುಳಿತ ಮೇಲೆ ಮಂಜಿ ಸೊಸೆಯ ಕಿವಿಯ ಬಳಿ ಬಗ್ಗಿದಳು. "ನಿಂಗೆ ಹೆಂಗೆ ಗೊತ್ತಾತು ಮಗಾ? ಬುಟ್ಟಿ ತೊಳೆದುಬಿಟ್ಟಿದ್ರಲ್ಲೆ?"

"ತೊಳೆದವಳು ನಾನೇ ಅಲ್ದಾ ಅತ್ತೆ" ಎಂದಳು ಕಾವ್ಯಶ್ರೀ. "ಅಮ್ಮ ಅಡಿಗೆ ಗಡಿಬಿಡಿಲಿ ಇದ್ಲು. ಬುಟ್ಟಿಗೆ ಎಂತೋ ಮೆತ್ತಿದ್ದು, ತೊಳಿ ಅಂತ ಬಾವಿಕಟ್ಟೆಗೆ ತಂದುಕೊಟ್ಲು. ಮುಟ್ಟಿದ ಕೂಡ್ಲೆ ತಿಳಿತು, ಇದು ನಿಮ್ಮ ಕಾಗದ ಅಂತ. ಬ್ಯಾಡ ಅಮ್ಮ ಅಂದೆ. ಬೀಗರ ಬುಟ್ಟಿ ಹಂಗೇ ಕಳಿಸ್ತಾರಾ ಅಂತ ಬೈದ್ಲು, ಟೆಂಪೋ ಬರೋ ಹೊತ್ತಾತು ಅಂದ್ಲು. ಮತ್ತೆಂತ ಮಾಡದು? ಫೋನಲ್ಲಿ ನಿಮ್ಮ ಹಾಡು ಹಾಕಿಟ್ಕಂಡು ಒಂದೊಂದೇ ಗೆರೆ ಓದಿ ಓದಿ ತೊಳೆದೆ. ನೀರು ತಾಗಿದ್ರೆ ಕರಗ್ತದಲ್ಲ, ಎರಡನೇ ಸಲ ಸಿಗದಿಲ್ಲ ಅಂತ ಸಮಾ ನೆನಪಿಟ್ಕಂಡೆ. ಏಣಿ ಕಡೀಗೆ ತೊಳೆದೆ. ಒಂಬತ್ತಿತ್ತು." ಮತ್ತೆ ಸೇರಿಸಿದಳು, "ಹಳದಿ ಹೋಗಲೇ ಇಲ್ಲೆ ಅತ್ತೆ. ನನ್ನ ಉಗುರಲ್ಲಿ ಇನ್ನೂ ಇದ್ದು."

ಮಂಜಿ ಅವಳ ಕೈಯನ್ನು ಎತ್ತಿ ಮೂಗಿಗೆ ಹಿಡಿದು ನೋಡಿದಳು. ಅರಿಶಿನ ಶಾಸ್ತ್ರದ್ದೋ, ಬುಟ್ಟಿಯದ್ದೋ, ಯಾರಿಗೆ ಗೊತ್ತು. ಆದರೂ ಹೌದು ಎಂದಳು.

ಆ ಹೊತ್ತಿಗೆ ಮಕ್ಕಳು ಗೋಡೆಯ ಬಳಿ ಗುಂಪುಗೂಡಿದ್ದವು. ಒಂದು ಹುಡುಗಿ ಕಣ್ಣು ಮುಚ್ಚಿಕೊಂಡು ಏಣಿಯ ಮೇಲೆ ಬೆರಳಿಟ್ಟಿತ್ತು. "ಏಯ್, ದೂರ ನಿಂತು ನೋಡ್ರೋ" ಎಂದು ಬಂಗಾರಮ್ಮ ಗದರಿದಳು. ಮಂಜಿ ಅವಳನ್ನು ತಡೆದಳು. "ಮುಟ್ಟಲಿ ಬಿಡಿ ಅತ್ತಿಗೆ. ನೋಡ್ದವರಿಂದ ಎಂತ ಆತು?"

ಬಂಗಾರಮ್ಮನಿಗೆ ಸುಮ್ಮನಿದ್ದು ಅಭ್ಯಾಸವಿಲ್ಲ. ಅವಳು ಏಣಿಯನ್ನೊಮ್ಮೆ, ತಮ್ಮನ ಹೆಂಡತಿಯನ್ನೊಮ್ಮೆ ನೋಡಿದಳು. "ಇಷ್ಟು ವರ್ಷ ಸೊಟ್ಟಕೋಲಿನ ಮಂಜಿ. ಇವತ್ತಿಂದ ಮೆಟ್ಟಿಲು ಬಿಟ್ಟ ಮಂಜಿ."

ಮನೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಮಂಜಿ. ಎದುರಿಗೇ ಕರೆದದ್ದಕ್ಕೆ ಅವಳಿಗೆ ಬೇಸರವಾಗಲಿಲ್ಲ. ಸೊಸೆಗೆ ಇಡಲು ಊರಿನ ಬಳಿ ಯಾವ ಹೆಸರೂ ಉಳಿದಿರಲಿಲ್ಲ.